ಮನೆವಾರ್ತೆಯ ಲೆಕ್ಕ: ಉತ್ತಮ ಆಡಳಿತ, ಸುಸ್ಥಿರ ಅಭಿವೃದ್ಧಿ ಮತ್ತು ಕ್ರೈಸ್ತ ನಿಲುವು

ಪ್ರಶ್ನೆ: ನಾನು ಬೆಂಗಳೂರಿನ ಲಿಂಗರಾಜಪುರದ ಕಡೆಯ ಒಂದು ಕನ್ನಡ ಕ್ರೈಸ್ತ ಸಭೆಯ ಯುವಜನ ಸಂಘದ ಕಾರ್ಯದರ್ಶಿ. ಈ ವರ್ಷದ ಅಧ್ಯಯನ ಶಿಬಿರಕ್ಕೆ ‘ಉತ್ತಮ ಆಡಳಿತ ಮತ್ತು ಸುಸ್ಥಿರ ಅಭಿವೃದ್ಧಿ’ ಎಂಬ ವಿಷಯವನ್ನು ಆರಿಸಿಕೊಂಡಿದ್ದೇವೆ. ಇದು ರಾಜಕೀಯ, ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಂತೆ ಅಧಿಕಾರಿಗಳಿಗೆ ಅಧೀನರಾಗಿದ್ದು ಅವರಿಗಾಗಿ ಪ್ರಾರ್ಥಿಸಿದರೆ ಸಾಕು ಎಂದು ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಭೂಮಿಯ ಮೇಲೆ ದೊರೆತನ ಮಾಡಿರಿ ಎಂದು ಕಲಿಸಿದ ಧರ್ಮಕ್ಕೆ ಪರಿಸರದ ಮಾತೇಕೆ ಎಂದು ಕಾಲೇಜಿನ ಗೆಳೆಯರು ಕೇಳುತ್ತಾರೆ. ಈ ವಿಷಯದಲ್ಲಿ ಕ್ರೈಸ್ತ ನಿಲುವು ಎಂಬುದೊಂದು ನಿಜವಾಗಿ ಇದೆಯೇ? ಇದ್ದರೆ ನಮ್ಮ ಬೆಂಗಳೂರಿನಲ್ಲಿ ಅದರ ಅರ್ಥವೇನು?

ಉತ್ತರ: ಆಡಳಿತ ಒಂದು ವಿಷಯ, ಪರಿಸರ ಇನ್ನೊಂದು ವಿಷಯ ಎಂಬ ವಿಂಗಡಣೆ ನಮ್ಮ ಕಾಲದ ಇಲಾಖೆಗಳು ಮಾಡಿಕೊಂಡದ್ದು, ಬೈಬಲ್ಲಿನಲ್ಲಿ ಅವು ಬೇರೆ ಬೇರೆಯಾಗಿ ಬರುವುದು ಅಪರೂಪ. ಅರಸನು ಹೇಗೆ ಆಳಿದನೆಂಬುದು ಅಲ್ಲಿ ಹೊಲ, ತೋಟ, ಬಾವಿ, ಹುಲ್ಲುಗಾವಲುಗಳ ಸ್ಥಿತಿಯಿಂದ ತಿಳಿಯುತ್ತದೆ. ಹೋಶೇಯನ ಗ್ರಂಥದ 4ನೇ ಅಧ್ಯಾಯದಲ್ಲಿ ದೇಶ ನರಳುವುದಕ್ಕೂ ಕಾಡುಮೃಗ, ಪಕ್ಷಿ, ಮೀನುಗಳು ಅಳಿಯುವುದಕ್ಕೂ ಪ್ರವಾದಿ ಕೊಡುವ ಕಾರಣ ಜನರಲ್ಲಿ ಸತ್ಯವೂ ಪ್ರೀತಿಯೂ ಇಲ್ಲವಾಗಿರುವುದು, ಸುಳ್ಳು ಮತ್ತು ಕೊಲೆ ಹೆಚ್ಚಿರುವುದು. ನೆಲ ದೇವರದು, ಅಧಿಕಾರವೂ ಅವನು ವಹಿಸಿಕೊಟ್ಟದ್ದು. ಆದ್ದರಿಂದ ಅರಸನಾಗಲಿ, ಜಮೀನುದಾರನಾಗಲಿ, ಸಭಾಪಾಲಕನಾಗಲಿ ಎಲ್ಲರೂ ಮನೆವಾರ್ತೆಯವರೇ, ಅಂದರೆ ಯಜಮಾನನ ಆಸ್ತಿಯನ್ನು ನೋಡಿಕೊಳ್ಳುವವರೇ, ಒಂದು ದಿನ ಲೆಕ್ಕ ಒಪ್ಪಿಸಬೇಕಾದವರೇ. ಕ್ರೈಸ್ತ ನಿಲುವು ಎಂದು ಒಂದನ್ನು ಹೇಳಲೇಬೇಕಾದರೆ ನಾನು ಇದನ್ನೇ ಹೇಳುತ್ತೇನೆ. ಉಳಿದದ್ದೆಲ್ಲ ಈ ಲೆಕ್ಕವನ್ನು ಯಾರು, ಯಾರಿಗೆ, ಹೇಗೆ ಒಪ್ಪಿಸಬೇಕು ಎಂಬುದರ ವಿವರ.

ನಿಮ್ಮ ಶಿಬಿರದಲ್ಲಿ ಒಂದೇ ಒಂದು ಅಧ್ಯಾಯ ಓದಲು ಸಮಯವಿದೆ ಎಂದಾದರೆ 1 ಅರಸು 21ನ್ನು ಓದಿರಿ. ಇಜ್ರೇಲಿನ ನಾಬೋತನ ದ್ರಾಕ್ಷೆತೋಟ ಅರಮನೆಗೆ ಹೊಂದಿಕೊಂಡಿದೆ. ಅರಸನಾದ ಅಹಾಬನಿಗೆ ಅಲ್ಲಿ ಕಾಯಿಪಲ್ಯದ ತೋಟ ಮಾಡುವ ಆಸೆ. ಅವನು ಮೊದಲಿಗೆ ಕಸಿದುಕೊಳ್ಳಲು ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು; ಇದಕ್ಕಿಂತ ಒಳ್ಳೆಯ ತೋಟ ಕೊಡುತ್ತೇನೆ, ಬೇಡವಾದರೆ ಬೆಲೆ ಕೊಡುತ್ತೇನೆ ಎನ್ನುತ್ತಾನೆ. ಇಂದಿನ ಭಾಷೆಯಲ್ಲಿ ಅದು ನ್ಯಾಯವಾದ ಪರಿಹಾರವೇ. ಪಿತ್ರಾರ್ಜಿತವನ್ನು ಕೊಡಲಾರೆ ಎಂದು ನಾಬೋತ ನಿರಾಕರಿಸುತ್ತಾನೆ. ಅರಸ ಮಂಚದ ಮೇಲೆ ಮಲಗಿ, ಗೋಡೆಯ ಕಡೆಗೆ ಮುಖ ತಿರುಗಿಸಿ, ಊಟ ಬಿಡುತ್ತಾನೆ. ಮುಂದಿನದನ್ನು ರಾಣಿ ಈಜೆಬೆಲ್ ನೋಡಿಕೊಳ್ಳುತ್ತಾಳೆ, ಮತ್ತು ಅವಳು ಮಾಡುವುದೆಲ್ಲವೂ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ: ಅರಸನ ಹೆಸರಿನ ಪತ್ರ, ಅದಕ್ಕೆ ಅರಸನ ಮುದ್ರೆ, ಊರ ಹಿರಿಯರ ಸಭೆ, ಉಪವಾಸದ ಪ್ರಕಟಣೆ, ಮೋಶೆಯ ಧರ್ಮಶಾಸ್ತ್ರ ಕೇಳುವಷ್ಟೇ ಸಂಖ್ಯೆಯ ಇಬ್ಬರು ಸಾಕ್ಷಿಗಳು. ಸಾಕ್ಷಿ ಸುಳ್ಳು ಎಂಬುದೊಂದನ್ನು ಬಿಟ್ಟರೆ ಪ್ರಕ್ರಿಯೆಯಲ್ಲಿ ಲೋಪವಿಲ್ಲ. ಊರ ಹಿರಿಯರು ಪತ್ರದಲ್ಲಿದ್ದಂತೆಯೇ ನಡೆದುಕೊಳ್ಳುತ್ತಾರೆ, ನಾಬೋತನಿಗೆ ಕಲ್ಲೇಟು ಬೀಳುತ್ತದೆ, ಅರಸ ತೋಟವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಇಳಿದು ಬರುತ್ತಾನೆ. ಅಲ್ಲಿ ಪ್ರವಾದಿ ಎಲೀಯ ನಿಂತಿರುತ್ತಾನೆ. ಕೊಂದು ಆಸ್ತಿಯನ್ನೂ ಸಂಪಾದಿಸಿದೆಯೋ ಎಂಬ ಅವನ ಪ್ರಶ್ನೆ ನೇರವಾಗಿ ಅರಸನಿಗೆ. ಪತ್ರ ಬರೆದವಳು ರಾಣಿ, ತೀರ್ಪು ಕೊಟ್ಟವರು ಹಿರಿಯರು, ನನಗೇನೂ ಗೊತ್ತಿರಲಿಲ್ಲ ಎಂಬ ಸಬೂಬಿಗೆ ಅಲ್ಲಿ ಎಡೆಯಿಲ್ಲ.

ಬೆಂಗಳೂರಿನಲ್ಲಿ ಭೂದಾಖಲೆಯ ಕಚೇರಿಗಳ ಮೆಟ್ಟಿಲು ಹತ್ತಿಳಿದವರಿಗೆ ಈ ಕಥೆಗೆ ಟಿಪ್ಪಣಿ ಬೇಕಾಗುವುದಿಲ್ಲ. ಇತ್ತೀಚಿನ ಒಂದು ಸಂಗತಿಯನ್ನು ಮಾತ್ರ ನೆನಪಿಸುತ್ತೇನೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿರೋಧಿಸಿದರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು, ತಾವಾಗಿ ಕೊಡಲು ಒಪ್ಪುವವರ ಜಮೀನನ್ನು ಮಾತ್ರ ಪಡೆಯುವುದಾಗಿ ಹೇಳಿತು. ಕೈಗಾರಿಕೆ ಬೇಡವೆಂದು ಬೈಬಲ್ ಹೇಳುತ್ತದೆ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಕೊಡುವುದಿಲ್ಲ ಎನ್ನುವ ಹಕ್ಕು ಒಬ್ಬ ಸಾಮಾನ್ಯ ರೈತನಿಗೂ ಉಂಟು, ಆ ಹಕ್ಕನ್ನು ಅರಸನೂ ಮೀರಲಾಗದು ಎಂಬುದಷ್ಟೇ ನಾಬೋತನ ಕಥೆಯ ತಿರುಳು. ಸಮ್ಮತಿ, ಸಾಮಾಜಿಕ ಪರಿಣಾಮದ ಅಧ್ಯಯನ ಎಂದು 2013ರ ಭೂಸ್ವಾಧೀನ ಕಾಯಿದೆ ತಂದ ನಿಯಮಗಳನ್ನು ಅಭಿವೃದ್ಧಿಗೆ ಅಡ್ಡಿ ಎಂದು ಯಾರಾದರೂ ಹೇಳಿದಾಗ ಕ್ರೈಸ್ತನಾದವನಿಗೆ ಈ ಅಧ್ಯಾಯ ನೆನಪಾಗಬೇಕು.

ಆಳುವವನಿಗೆ ಲೆಕ್ಕ ಕೇಳುವ ಪದ್ಧತಿ ಪ್ರವಾದಿಗಳ ಸಿಟ್ಟಿನಲ್ಲಿ ಹುಟ್ಟಿದ್ದಲ್ಲ. ಅದು ಧರ್ಮಶಾಸ್ತ್ರದಲ್ಲೇ ಇದೆ. ಧರ್ಮೋಪದೇಶಕಾಂಡ 17ರ ಪ್ರಕಾರ ಅರಸನು ಕುದುರೆಗಳನ್ನೂ ಹೆಂಡತಿಯರನ್ನೂ ಬೆಳ್ಳಿಬಂಗಾರವನ್ನೂ ಹೆಚ್ಚಿಸಿಕೊಳ್ಳಬಾರದು. ಧರ್ಮಶಾಸ್ತ್ರದ ಪ್ರತಿಯನ್ನು ಬರೆಯಿಸಿ ಇಟ್ಟುಕೊಂಡು ದಿನವೂ ಓದಬೇಕು, ತನ್ನ ಸಹೋದರರಿಗಿಂತ ತಾನು ಮೇಲೆಂದು ಭಾವಿಸಬಾರದು. ಅಂದರೆ ಅರಸನೂ ಕಾನೂನಿಗೆ ಒಳಪಟ್ಟವನು. 1 ಸಮುವೇಲ 12ರಲ್ಲಿ ಮುದಿಯಾದ ಸಮುವೇಲ ಅಧಿಕಾರ ಬಿಟ್ಟುಕೊಡುವಾಗ ಇಡೀ ಜನರ ಮುಂದೆ ನಿಂತು, ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ಹಿಡಿದುಕೊಂಡೆ, ಯಾರಿಂದ ಲಂಚ ತಿಂದು ಕಣ್ಣು ಮುಚ್ಚಿಕೊಂಡೆ, ಹೇಳಿರಿ, ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದ ನೆಹೆಮೀಯ ಹನ್ನೆರಡು ವರ್ಷ ದೇಶಾಧಿಪತಿಯಾಗಿದ್ದರೂ ಆ ಹುದ್ದೆಗೆ ಸಲ್ಲಬೇಕಾಗಿದ್ದ ಆಹಾರದ ಭತ್ಯೆಯನ್ನು ಮುಟ್ಟಲಿಲ್ಲ, ಜನರ ಮೇಲೆ ಹೊರೆ ಮೊದಲೇ ಹೆಚ್ಚಾಗಿತ್ತು ಎಂಬ ಕಾರಣಕ್ಕೆ. ಸಮುವೇಲನ ಮಕ್ಕಳು ಮಾತ್ರ ಲಂಚ ತಿಂದು ನ್ಯಾಯವನ್ನು ತಿರುಚಿದವರು. ಅದನ್ನೂ ಬೈಬಲ್ ಮುಚ್ಚಿಡುವುದಿಲ್ಲ. ಒಳ್ಳೆಯ ಮನುಷ್ಯನ ಮನೆಯಿಂದ ಒಳ್ಳೆಯ ಆಡಳಿತ ತಾನಾಗಿ ಬರುತ್ತದೆ ಎಂಬ ಭರವಸೆ ಅದಕ್ಕಿಲ್ಲ, ಹಾಗಾಗಿಯೇ ವ್ಯವಸ್ಥೆಯ ಬಗ್ಗೆ ಅಷ್ಟು ಕಾಳಜಿ.

ಆ ವ್ಯವಸ್ಥೆಯ ಬಗ್ಗೆ ಬೈಬಲ್ಲಿನಲ್ಲಿರುವ ಅತಿ ಪ್ರಾಯೋಗಿಕವಾದ ಸಲಹೆ ಒಬ್ಬ ಹೊರಗಿನವನದು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯ ತೀರಿಸುತ್ತಿದ್ದಾನೆ, ಜನರು ಸಾಲುಗಟ್ಟಿ ನಿಂತಿದ್ದಾರೆ. ಅವನ ಮಾವ, ಮಿದ್ಯಾನಿನ ಯಾಜಕನಾದ ಇತ್ರೋ ಅದನ್ನು ನೋಡಿ, ಹೀಗೆ ಮಾಡಿದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಹೇಳಿ, ಸಮರ್ಥರೂ ನಂಬಿಗಸ್ತರೂ ಲಂಚವನ್ನು ಹಗೆಮಾಡುವವರೂ ಆದವರನ್ನು ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ನೇಮಿಸುವಂತೆಯೂ ಕಷ್ಟವಾದ ವ್ಯಾಜ್ಯಗಳನ್ನು ಮಾತ್ರ ತನ್ನ ಬಳಿಗೆ ತರಿಸಿಕೊಳ್ಳುವಂತೆಯೂ ತಿಳಿಸುತ್ತಾನೆ. ಮೋಶೆ ಕೇಳುತ್ತಾನೆ. ಕೆಳಗಿನ ಹಂತದಲ್ಲಿ ಆಗಬಹುದಾದ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಎಂಬ ತತ್ತ್ವವನ್ನು ಕಥೋಲಿಕ ಸಾಮಾಜಿಕ ಬೋಧನೆ 1931ರಲ್ಲಿ 11ನೇ ಪಯಸ್ ಪೋಪರ ವಿಶ್ವಪರಿಪತ್ರದಲ್ಲಿ ವಿಧಿವತ್ತಾಗಿ ರೂಪಿಸಿತು. ಅದರ ಜೀವಾಳ ಇತ್ರೋವಿನ ಮಾತಿನಲ್ಲೇ ಇದೆ.

ಇದನ್ನು ಕನ್ನಡಿಗರಿಗೆ ವಿವರಿಸುವುದು ಕಷ್ಟವೇನಲ್ಲ. ಅಬ್ದುಲ್ ನಜೀರ್ ಸಾಬ್ ಅವರನ್ನು ಈ ನಾಡಿನ ಹಳ್ಳಿಗಳು ‘ನೀರ್ ಸಾಬ್’ ಎಂದು ಕರೆದವು. ಹಳ್ಳಿಹಳ್ಳಿಗೆ ಕೊಳವೆಬಾವಿಯ ಕುಡಿಯುವ ನೀರು ತಲುಪಿಸಿದ ಆ ಮಂತ್ರಿಯೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟ 1983ರ ಕಾಯಿದೆಯ ಹಿಂದಿದ್ದವರು. ನೀರು ಮತ್ತು ಅಧಿಕಾರ ಎರಡನ್ನೂ ಒಟ್ಟಿಗೆ ಕೆಳಕ್ಕೆ ಇಳಿಸಬೇಕೆಂದು ಅವರಿಗೆ ತಿಳಿದಿತ್ತು. ಅವರು ಕ್ರೈಸ್ತರಲ್ಲ, ಇತ್ರೋ ಇಸ್ರಾಯೇಲನಲ್ಲ; ಒಳ್ಳೆಯ ಆಡಳಿತ ನಮ್ಮ ಗುತ್ತಿಗೆ ಎಂದು ಯಾವ ಸಭೆಯೂ ಭಾವಿಸಬೇಕಾಗಿಲ್ಲ. ಇನ್ನು ರಾಜಧಾನಿಯ ವಿಷಯ. ಮೂರು ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 1992ರ 74ನೇ ತಿದ್ದುಪಡಿ ಸಂವಿಧಾನದಲ್ಲೇ ಬರೆದಿದೆ. ಆದರೆ 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆ ನಡೆಯದೆ, ಐದು ವರ್ಷ ಕಳೆದು 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬರುವವರೆಗೂ ಊರನ್ನು ಅಧಿಕಾರಿಗಳೇ ನಡೆಸಿದರು. ಕೋಟಿಗೂ ಹೆಚ್ಚು ಜನರಿರುವ ಊರಿನಲ್ಲಿ ಮೋರಿ ಕಟ್ಟಿಕೊಂಡರೆ ಶಾಸಕರ ಮನೆಯ ಮುಂದೆಯೇ ಸಾಲು ನಿಲ್ಲಬೇಕಾಗಿ ಬಂದ ಆ ವರ್ಷಗಳನ್ನು ಇತ್ರೋ ನೋಡಿದ್ದರೆ ಅದೇ ಮಾತನ್ನು ಹೇಳುತ್ತಿದ್ದನು.

ಈಗ ನಿಮ್ಮ ಹಿರಿಯರ ಆಕ್ಷೇಪಕ್ಕೆ ಬರುತ್ತೇನೆ. ರೋಮಾಪುರ 13 ಅಧೀನತೆಯನ್ನು ಬೋಧಿಸುತ್ತದೆ, ಅದರಲ್ಲಿ ಸಂದೇಹವಿಲ್ಲ. ತೆರಿಗೆ ಕೊಡಬೇಕಾದವರಿಗೆ ತೆರಿಗೆ ಕೊಡಿರಿ ಎಂಬುದೂ ಅಲ್ಲೇ ಇದೆ, ಮತ್ತು ಆ ಸಾಲನ್ನು ನಮ್ಮಲ್ಲಿ ಎಷ್ಟು ಮಂದಿ ಆಸ್ತಿ ತೆರಿಗೆಯ ಸ್ವಯಂಘೋಷಣೆಯ ಹೊತ್ತಿನಲ್ಲಿ ನೆನೆಯುತ್ತಾರೆಂಬುದು ಬೇರೆ ಮಾತು. ಆದರೆ ಅದೇ ವಾಕ್ಯಭಾಗ ಅಧಿಕಾರಿಯನ್ನು ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕನು ಎಂದು ಕರೆಯುತ್ತದೆ. ಸೇವಕನೆಂದ ಮೇಲೆ ಅವನಿಗೊಂದು ಕೆಲಸವಿದೆ, ಆ ಕೆಲಸ ಆಯಿತೋ ಇಲ್ಲವೋ ಎಂದು ನೋಡುವ ಅಳತೆಯೂ ಇದೆ. ಇದನ್ನು ಬರೆದ ಪೌಲನು ಸ್ವತಃ ಹೇಗೆ ನಡೆದುಕೊಂಡನೆಂದು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ನೋಡಬಹುದು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಅವನನ್ನು ಹೊಡೆಸಿ ಸೆರೆಯಲ್ಲಿಟ್ಟ ಅಧಿಕಾರಿಗಳು ಮರುದಿನ ಗುಟ್ಟಾಗಿ ಬಿಟ್ಟು ಕಳುಹಿಸಲು ನೋಡಿದಾಗ, ರೋಮಾಯ ಹಕ್ಕುಳ್ಳವರಾದ ನಮ್ಮನ್ನು ಎಲ್ಲರ ಮುಂದೆ ಹೊಡೆಸಿದರಲ್ಲ, ಈಗ ಗುಟ್ಟಾಗಿ ಕಳುಹಿಸುತ್ತಾರೋ, ಅವರೇ ಬಂದು ಹೊರಗೆ ಕರಕೊಂಡು ಹೋಗಲಿ ಎಂದು ಪಟ್ಟು ಹಿಡಿದನು. ಅಧಿಕಾರಿಗಳು ಬಂದರು, ಬೇಡಿಕೊಂಡರು. ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕುವುದು ಅವಿಧೇಯತೆಯಾದರೆ ಪೌಲನ ಈ ವರ್ತನೆಯನ್ನು ಏನೆಂದು ಕರೆಯುವುದು? ಪ್ರಾರ್ಥನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಯೆರೆಮೀಯ 29ರಲ್ಲಿ ಸೆರೆಯಾಗಿ ಹೋದವರಿಗೆ ಬಂದ ಆಜ್ಞೆ ಊರಿನ ಕ್ಷೇಮವನ್ನು ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ ಎಂದು ಎರಡನ್ನೂ ಒಟ್ಟಿಗೆ ಹೇಳುತ್ತದೆ, ಅದೂ ಅನ್ಯರಾಜನ ಬಾಬಿಲೋನಿನ ಬಗ್ಗೆ.

ಕಾಲೇಜಿನ ಗೆಳೆಯರ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಲಘುವಾಗಿ ತಳ್ಳಿಹಾಕಬೇಡಿರಿ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದೇ ಆರೋಪವನ್ನು ಮಾಡಿದರು: ಆದಿಕಾಂಡದ ಮೊದಲ ಅಧ್ಯಾಯ ಪ್ರಕೃತಿಯನ್ನು ಮನುಷ್ಯನ ಅನುಕೂಲಕ್ಕಿರುವ ವಸ್ತುವನ್ನಾಗಿ ಮಾಡಿತು, ಪಾಶ್ಚಾತ್ಯ ಕ್ರೈಸ್ತರು ಆ ಭಾರವನ್ನು ಹೊರಬೇಕು ಎಂದು. ಅದರಲ್ಲಿ ಸತ್ಯವಿದೆ. ವಸಾಹತುಗಳ ಕಾಲದಲ್ಲಿ ಕಾಡು ಕಡಿದವರು, ಗಣಿ ತೋಡಿದವರು ಆ ವಚನವನ್ನು ತಮ್ಮ ಅನುಕೂಲಕ್ಕೆ ಓದಿಕೊಂಡದ್ದುಂಟು. ಆದರೆ ವೈಟ್ ಆ ಲೇಖನವನ್ನು ಮುಗಿಸುವುದು ಅಸ್ಸಿಸಿಯ ಫ್ರಾನ್ಸಿಸರನ್ನು ಪರಿಸರವಾದಿಗಳ ಪಾಲಕ ಸಂತರೆಂದು ಸೂಚಿಸಿ ಎಂಬುದನ್ನು ಅವರನ್ನು ಉಲ್ಲೇಖಿಸುವವರು ಮರೆಯುತ್ತಾರೆ. 1979ರಲ್ಲಿ 2ನೇ ಜಾನ್ ಪಾಲ್ ಪೋಪ್ ಅದನ್ನೇ ಅಧಿಕೃತವಾಗಿ ಘೋಷಿಸಿದರು. ಆದಿಕಾಂಡದ ಎರಡನೆಯ ಅಧ್ಯಾಯವನ್ನೂ ಓದಬೇಕಲ್ಲ: ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ.

ಅದಕ್ಕೂ ಮಿಗಿಲಾಗಿ ಯಾಜಕಕಾಂಡದ 25ನೇ ಅಧ್ಯಾಯವಿದೆ. ಏಳನೆಯ ವರ್ಷ ನೆಲಕ್ಕೆ ಬಿಡುವು. ಬಿತ್ತಬಾರದು, ತಾನಾಗಿ ಬೆಳೆದದ್ದು ಆಳುಗಳಿಗೂ ಪರದೇಶದವರಿಗೂ ದನಕರುಗಳಿಗೂ ಕಾಡುಮೃಗಗಳಿಗೂ ಸೇರಿದ್ದು. ಐವತ್ತನೆಯ ವರ್ಷ ಮಾರಿಹೋದ ಭೂಮಿ ಮೂಲದವರ ಕುಟುಂಬಕ್ಕೆ ಹಿಂತಿರುಗಬೇಕು. ಕಾರಣವನ್ನೂ ಅಲ್ಲಿಯೇ ಹೇಳಿದೆ: ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡಿರುವ ಪರದೇಶಿಗಳು. ಇಸ್ರಾಯೇಲರು ಇದನ್ನು ಪೂರ್ಣವಾಗಿ ಪಾಲಿಸಿದರೆಂದು ಹೇಳಲು ಆಧಾರ ಕಡಿಮೆ. 2 ಪೂರ್ವಕಾಲವೃತ್ತಾಂತದ ಕೊನೆಯಲ್ಲಿ, ದೇಶ ಪಾಳುಬಿದ್ದ ಎಪ್ಪತ್ತು ವರ್ಷಗಳಲ್ಲಿ ನೆಲ ತನಗೆ ಸಲ್ಲಬೇಕಾಗಿದ್ದ ಬಿಡುವನ್ನು ಪಡೆದುಕೊಂಡಿತು ಎಂದಿದೆ. ಮುಂದಿನ ಪೀಳಿಗೆಗಳ ಅಗತ್ಯಗಳಿಗೆ ಕುಂದು ತಾರದೆ ಇಂದಿನ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಕೊಟ್ಟ ವ್ಯಾಖ್ಯೆಗೆ ಈ ಅಧ್ಯಾಯ ಒಂದು ಮುಖ್ಯ ವಿಷಯವನ್ನು ಸೇರಿಸುತ್ತದೆ: ನೆಲಕ್ಕೆ ಬಿಡುವು ಕೊಡುವುದೂ ಸಾಲದಲ್ಲಿ ಮುಳುಗಿದ ಬಡವನನ್ನು ಬಿಡಿಸುವುದೂ ಒಂದೇ ಕಾನೂನಿನ ಎರಡು ಕಲಮುಗಳು. ಬಡವರನ್ನು ಕೆರೆಯಂಗಳದಿಂದ ಎಬ್ಬಿಸಿ, ಅದೇ ಕೆರೆಯ ಬಫರ್ ವಲಯದಲ್ಲಿ ಎದ್ದ ಅಪಾರ್ಟ್‌ಮೆಂಟನ್ನು ಸಕ್ರಮಗೊಳಿಸುವ ಪರಿಸರಪ್ರೇಮಕ್ಕೆ ಅಲ್ಲಿ ಜಾಗವಿಲ್ಲ.

ಇಪ್ಪತ್ತು ಮತ್ತು ಇಪ್ಪತ್ತೊಂದನೆಯ ಶತಮಾನಗಳ ಸಭೆಗಳ ಬೋಧನೆಯನ್ನು ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ. 1967ರಲ್ಲಿ 6ನೇ ಪಾಲ್ ಪೋಪ್ ಅಭಿವೃದ್ಧಿಯು ಪ್ರತಿಯೊಬ್ಬ ಮನುಷ್ಯನದೂ ಆಗಬೇಕು, ಇಡೀ ಮನುಷ್ಯನದೂ ಆಗಬೇಕು ಎಂದರು. 2015ರಲ್ಲಿ ಫ್ರಾನ್ಸಿಸ್ ಪೋಪ್ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೆ ಕೇಳಬೇಕು ಎಂದರು. ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ಕೂಟವಾದ ವಿಶ್ವ ಸಭೆಗಳ ಒಕ್ಕೂಟ 1975ರ ನೈರೋಬಿ ಮಹಾಧಿವೇಶನದ ಕಾಲಕ್ಕೇ ನ್ಯಾಯಯುತವಾದ, ಎಲ್ಲರೂ ಪಾಲ್ಗೊಳ್ಳುವ, ಸುಸ್ಥಿರವಾದ ಸಮಾಜ ಎಂಬ ಗುರಿಯನ್ನು ಮುಂದಿಟ್ಟಿತ್ತು, ಅಂದರೆ ವಿಶ್ವಸಂಸ್ಥೆಯ ಆಯೋಗದ ವರದಿಗಿಂತ ಹನ್ನೆರಡು ವರ್ಷ ಮೊದಲೇ. ಆ ವರ್ಷದವರೆಗೆ ಒಕ್ಕೂಟದ ಕೇಂದ್ರ ಸಮಿತಿಯ ಅಧ್ಯಕ್ಷರಾಗಿದ್ದವರು ಎಂ. ಎಂ. ಥಾಮಸ್. ಬೆಂಗಳೂರಿನಲ್ಲಿದ್ದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯನ್ನು ಅನೇಕ ವರ್ಷ ನಡೆಸಿದವರು, ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ಟೀಕಿಸಿದವರು, ಮುಂದೆ 1990ರಿಂದ 1992ರವರೆಗೆ ನಾಗಾಲ್ಯಾಂಡಿನ ರಾಜ್ಯಪಾಲರಾಗಿದ್ದವರು. ಈ ಚಿಂತನೆ ಹೊರದೇಶದಿಂದ ಆಮದಾದ ಘೋಷಣೆ ಎಂದು ಯಾರಾದರೂ ಹೇಳಿದರೆ, ಅದರ ಒಂದು ಭಾಗ ನಮ್ಮ ಊರಿನಲ್ಲೇ ರೂಪುಗೊಂಡದ್ದು ಎಂದು ತಿಳಿಸಿರಿ.

ಬೆಂಗಳೂರಿಗೆ ನೇರವಾಗಿ ಬರೆದಂತಿರುವ ವಚನವೊಂದು ಯೆಹೆಜ್ಕೇಲ 34ರಲ್ಲಿದೆ. ಆ ಅಧ್ಯಾಯದ ಮೊದಲ ಭಾಗ ಕುರಿಗಳನ್ನು ಮೇಯಿಸದೆ ತಮ್ಮನ್ನೇ ಮೇಯಿಸಿಕೊಂಡ ಕುರುಬರ ಮೇಲಿನ, ಅಂದರೆ ಆಳುವವರ ಮೇಲಿನ ಆರೋಪಪಟ್ಟಿ. ಅದನ್ನು ಎಲ್ಲರೂ ಉಪದೇಶಿಸುತ್ತಾರೆ. 18 ಮತ್ತು 19ನೆಯ ವಚನಗಳಿಗೆ ಬರುವಷ್ಟರಲ್ಲಿ ದೂರು ಕುರುಬರನ್ನು ಬಿಟ್ಟು ಕೊಬ್ಬಿದ ಕುರಿಗಳ ಮೇಲೆ ತಿರುಗುತ್ತದೆ: ಒಳ್ಳೆಯ ಮೇವನ್ನು ಮೇದದ್ದು ಸಾಲದೆ ಉಳಿದ ಮೇವನ್ನು ತುಳಿಯುತ್ತೀರೋ, ತಿಳಿನೀರನ್ನು ಕುಡಿದದ್ದು ಸಾಲದೆ ಮಿಕ್ಕದ್ದನ್ನು ಕಾಲಿಂದ ಕಲಕಿ ಬಗ್ಗಡ ಮಾಡುತ್ತೀರೋ, ನನ್ನ ಕುರಿಗಳು ನೀವು ಕಲಕಿದ್ದನ್ನೇ ಕುಡಿಯಬೇಕೋ? ನಾವು ಕುಡಿಯುವ ತಿಳಿನೀರು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪಾಗಿ ಏರಿ ಬರುತ್ತದೆ. ಬಳಸಿ ಬಿಟ್ಟದ್ದು ಇಳಿದು ಹೋಗುತ್ತದೆ. ವೃಷಭಾವತಿಯಲ್ಲಿ ಇಳಿದದ್ದು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ರೈತರ ಗದ್ದೆಗೆ. ಬೆಳ್ಳಂದೂರು, ವರ್ತೂರು ಕೆರೆಗಳ ದಾರಿಯಲ್ಲಿ ಇಳಿದದ್ದು ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಗಡಿ ದಾಟಿ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ, ಅಲ್ಲಿಯೂ ನೊರೆ ಏಳುತ್ತದೆ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದಾಗ ಜಗತ್ತಿನ ಪತ್ರಿಕೆಗಳು ಬಂದು ಚಿತ್ರ ತೆಗೆದವು. ಬೈರಮಂಗಲದ ರೈತನ ಗದ್ದೆಯ ಕಪ್ಪು ನೀರು ಯಾರ ಮುಖಪುಟಕ್ಕೂ ಬರಲಿಲ್ಲ. ಸರ್ಕಾರವನ್ನು ದೂರಿ ಸುಮ್ಮನಾಗಲು ಯೆಹೆಜ್ಕೇಲ ಬಿಡುವುದಿಲ್ಲ. ಇಲ್ಲಿ ಕೊಬ್ಬಿದ ಕುರಿಗಳು ನಾವು, ಶುದ್ಧೀಕರಣ ಘಟಕವನ್ನು ಕರೆಂಟ್ ಬಿಲ್ ಉಳಿಸಲು ರಾತ್ರಿ ನಿಲ್ಲಿಸುವ ವಸತಿ ಸಮುಚ್ಚಯದ ನಿವಾಸಿಗಳು, ಮಳೆನೀರಿನ ಕಾಲುವೆಗೆ ಕಕ್ಕಸಿನ ಪೈಪು ಜೋಡಿಸಿದ ಮನೆ ಮಾಲೀಕರು.

ಇದರಲ್ಲಿ ನಮ್ಮ ಸಭೆಗಳು ಇನ್ನೂ ಹೆಚ್ಚು ಎಚ್ಚರದಿಂದ ನೋಡಬೇಕಾದ ಮಗ್ಗುಲೊಂದಿದೆ. ಊರಿನ ಕಸ ಯಾರ ಕೈಯಿಂದ ಹೋಗುತ್ತದೆ? ಬೆಂಗಳೂರಿನ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು, ಅವರಲ್ಲಿಯೂ ಹೆಂಗಸರು. ದಲಿತ ದೈವಶಾಸ್ತ್ರದ ಆರಂಭದ ಮಾತುಗಳನ್ನು ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಅವರು 1981ರಲ್ಲಿ ಆಡಿದ್ದು ಇದೇ ಊರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ. ಆದರೂ ನಮ್ಮ ಪರಿಸರ ಭಾನುವಾರಗಳು ಸಸಿ ನೆಡುವುದರಲ್ಲಿ ಮುಗಿಯುತ್ತವೆ, ಬೆಳಗಿನ ಆರು ಗಂಟೆಗೆ ಚರ್ಚ್ ರಸ್ತೆಯನ್ನು ಗುಡಿಸಿದವಳಿಗೆ ಕೈಗವಸು ಇತ್ತೇ, ಶೌಚಾಲಯಕ್ಕೆ ಹೋಗಲು ಜಾಗವಿತ್ತೇ, ಆ ತಿಂಗಳ ಸಂಬಳ ಬಂತೇ ಎಂದು ಕೇಳುವವರಿಲ್ಲ. ಮಾವಳ್ಳಿಪುರ ಮತ್ತು ಮಂಡೂರಿನ ಜನರು ತಮ್ಮ ಹಳ್ಳಿಗಳಿಗೆ ಬರುತ್ತಿದ್ದ ಕಸದ ಲಾರಿಗಳನ್ನು ವರ್ಷಗಟ್ಟಲೆ ವಿರೋಧಿಸಿದ ಮೇಲೆ ಆ ಗುಡ್ಡೆಗಳು 2012ರಲ್ಲಿ ಒಂದು, 2014ರ ಕೊನೆಯಲ್ಲಿ ಇನ್ನೊಂದು ಮುಚ್ಚಿದವು. ಒಬ್ಬನ ಬಾಗಿಲನ್ನು ಸ್ವಚ್ಛ ಮಾಡಲು ಇನ್ನೊಬ್ಬನ ಬಾವಿ ಹಾಳಾದರೆ ಅದು ಸುಸ್ಥಿರವೂ ಅಲ್ಲ, ನ್ಯಾಯವೂ ಅಲ್ಲ.

ಊರಿಗೆ ಲೆಕ್ಕ ಕೇಳುವ ಸಭೆ ತನ್ನ ಲೆಕ್ಕವನ್ನು ಮೊದಲು ತೆರೆಯಬೇಕು, ಮತ್ತು ಇಲ್ಲಿ ನಾವು ತಲೆ ಎತ್ತಿ ಮಾತನಾಡುವ ಸ್ಥಿತಿಯಲ್ಲಿಲ್ಲ. ಕರ್ನಾಟಕದಲ್ಲಿ ಸಭೆಗಳ ಆಸ್ತಿ, ಚುನಾವಣೆ, ಶಾಲಾ ಆಡಳಿತ ಮಂಡಳಿಗಳ ಕುರಿತ ವ್ಯಾಜ್ಯಗಳು ನ್ಯಾಯಾಲಯಗಳಲ್ಲಿ ವರ್ಷಾನುಗಟ್ಟಲೆ ನಡೆಯುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸಿದಾಗ ತಾನೊಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದ ಸಹೋದರನೊಬ್ಬನನ್ನು ಜೊತೆಗೆ ಸೇರಿಸಿಕೊಂಡನು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದು. ಇದು 2 ಕೊರಿಂಥ 8ರಲ್ಲಿದೆ, ಮತ್ತು ನಾನು ಬಲ್ಲ ಮಟ್ಟಿಗೆ ಲೆಕ್ಕಪರಿಶೋಧನೆಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ವಚನ ಬೇರಿಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆಂದೂ ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ತಿಳಿಸಬೇಕೆಂದೂ ವಿಧಿಸುತ್ತದೆ. ದೇವರ ಹಣಕ್ಕೆ ಮನುಷ್ಯರು ಲೆಕ್ಕ ಕೇಳಬಾರದು ಎಂಬ ಮಾತು ಕೆಲವು ವೇದಿಕೆಗಳಿಂದ ಕೇಳಿಬರುತ್ತದೆ. ಅದಕ್ಕೆ ಪೌಲನ ಬೆಂಬಲವಿಲ್ಲ.

ನೀರಿನ ಲೆಕ್ಕವೂ ಹೀಗೆಯೇ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಆ ಮಾರ್ಚಿನ ಒಂದು ಶನಿವಾರ ಸಂಜೆ ಚರ್ಚೊಂದರ ಆವರಣದಲ್ಲಿ ಮರುದಿನದ ಮದುವೆಗೆ ಟ್ಯಾಂಕರಿನಿಂದ ಸಂಪ್‌ಗೆ ನೀರು ಬೀಳುತ್ತಿತ್ತು. ಹಿಂದಿನ ಗೋಡೆಯಾಚೆಯ ವಠಾರದ ಹೆಂಗಸರು ಬಿಂದಿಗೆಗಳನ್ನು ಸಾಲಾಗಿಟ್ಟು ಗೇಟಿನ ಬಳಿ ಕಾಯುತ್ತಿದ್ದರು, ಕಾವಲುಗಾರ ಗೇಟು ತೆರೆಯಲೋ ಬೇಡವೋ ಎಂದು ಕಚೇರಿಯ ಕಡೆಗೆ ನೋಡುತ್ತಿದ್ದನು. ಕೊನೆಗೆ ತೆರೆದನು, ಆದರೆ ಅದು ಅವನ ದಯೆ, ಸಭೆಯ ನೀತಿಯಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೊರವಲಯದ 110 ಹಳ್ಳಿಗಳನ್ನು ಉದ್ದೇಶಿಸಿ ಬಂತು. ಒಳ್ಳೆಯದೇ, ಆದರೆ ನದಿ ಹೀಗೆ ಹಂತದ ಮೇಲೆ ಹಂತವನ್ನು ಕೊನೆಯಿಲ್ಲದೆ ಕೊಡಲಾರದು. ಬೆಂಗಳೂರಿನ ಚರ್ಚುಗಳಿಗೂ ಅವುಗಳ ಶಾಲೆ, ಆಸ್ಪತ್ರೆಗಳಿಗೂ ಇರುವಷ್ಟು ವಿಶಾಲವಾದ ಆವರಣ, ಚಾವಣಿ ಬೇರೆ ಅನೇಕರಿಗೆ ಇಲ್ಲ. ಮಳೆನೀರು ಕೊಯ್ಲು 2009ರಿಂದ ಕಾನೂನಿನ ಕಟ್ಟುಪಾಡೇ ಆಗಿದೆ. ಅದು ನಮ್ಮಲ್ಲಿ ಪೈಪಿನ ಮಟ್ಟಕ್ಕೆ ನಿಂತಿದೆಯೋ, ಇಂಗುಗುಂಡಿಗೆ ನಿಜವಾಗಿ ನೀರು ಇಳಿಯುತ್ತಿದೆಯೋ ಎಂದು ಇಳಿದು ನೋಡಿದವರು ಕಡಿಮೆ.

ಭಿನ್ನಾಭಿಪ್ರಾಯಗಳೂ ಇವೆ, ಅವನ್ನು ಶಿಬಿರದಲ್ಲಿ ಮರೆಮಾಡಬೇಡಿರಿ. ಲೂಥರನ ಪರಂಪರೆಯವರು ಸುವಾರ್ತೆಯ ಕೆಲಸ ಬೇರೆ, ರಾಜ್ಯದ ಕೆಲಸ ಬೇರೆ ಎಂದು ಹೆಚ್ಚು ಖಚಿತವಾಗಿ ಗೆರೆ ಎಳೆಯುತ್ತಾರೆ. ಕ್ಯಾಲ್ವಿನನ ಪರಂಪರೆಯವರು ಸಮಾಜದ ಪ್ರತಿಯೊಂದು ಕ್ಷೇತ್ರದಲ್ಲೂ ದೇವರ ಅಧಿಕಾರವನ್ನು ಕಾಣುತ್ತಾರೆ. ಬಡತನ ನೀಗಲು ಕೈಗಾರಿಕೆ, ವಿದ್ಯುತ್ತು, ರಸ್ತೆ ಬೇಕೇ ಬೇಕು, ಅದಕ್ಕೆ ತೆರುವ ಬೆಲೆಯನ್ನು ಒಪ್ಪಬೇಕು ಎನ್ನುವ ಪ್ರಾಮಾಣಿಕ ಕ್ರೈಸ್ತ ಅರ್ಥಶಾಸ್ತ್ರಜ್ಞರಿದ್ದಾರೆ, ಅವರ ವಾದವನ್ನು ಕೇಳಬೇಕು. ಲೋಕಾಂತ್ಯ ಹತ್ತಿರವಾಗಿರುವಾಗ ಭೂಮಿಯ ಚಿಂತೆ ಏಕೆ ಎನ್ನುವವರಿಗೆ ಪ್ರಕಟನೆ 11:18ನ್ನು ತೋರಿಸಿದರೆ ಸಾಕು. ಭೂಮಿಯನ್ನು ನಾಶಮಾಡುವವರನ್ನು ನಾಶಮಾಡುವ ಸಮಯ ಎಂದು ಅಲ್ಲಿದೆ. ನನಗೆ ಒಪ್ಪಲಾಗದ ನಿಲುವು ಒಂದೇ: ಆಶೀರ್ವಾದವನ್ನು ಸೈಟು, ಕಾರು, ವೀಸಾಗಳಲ್ಲಿ ಅಳೆಯುವ ಸಮೃದ್ಧಿಯ ಬೋಧನೆ. ಅದು ಅಹಾಬನ ಆಸೆಯನ್ನೇ ಪ್ರಾರ್ಥನೆಯ ವಿಷಯವನ್ನಾಗಿ ಮಾಡುತ್ತದೆ. ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನವೆಂಬ ಆಹಾರವನ್ನು ಆ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಾಗಿತ್ತು, ಉಳಿಸಿಕೊಂಡದ್ದು ಹುಳ ಬಿದ್ದು ನಾತ ಹೊಡೆಯಿತು ಎಂಬುದನ್ನು ಆ ಬೋಧಕರು ಯಾವಾಗ ಉಪದೇಶಿಸುತ್ತಾರೋ ನೋಡಬೇಕು.

ಶಿಬಿರಕ್ಕೆ ಸಂಬಂಧಿಸಿದಂತೆ ಹೇಳುವುದಾದರೆ, ಭಾಷಣಗಳನ್ನು ಕಡಿಮೆ ಮಾಡಿ, ಮೊದಲ ದಿನ 1 ಅರಸು 21 ಮತ್ತು ಯೆಹೆಜ್ಕೇಲ 34ನ್ನು ಗುಂಪುಗಳಲ್ಲಿ ಓದಿಸಿರಿ. ಎರಡನೆಯ ದಿನ ಮೇಜಿನ ಮೇಲೆ ಮೂರು ಕಾಗದಗಳಿರಲಿ: ನಿಮ್ಮ ಸಭೆಯ ಕಳೆದ ವರ್ಷದ ಪರಿಶೋಧಿತ ಲೆಕ್ಕಪತ್ರ, ಆವರಣದ ಹನ್ನೆರಡು ತಿಂಗಳ ನೀರಿನ ಮತ್ತು ಟ್ಯಾಂಕರಿನ ಬಿಲ್ಲು, ನಿಮ್ಮ ವಾರ್ಡಿನಲ್ಲಿ ಈ ವರ್ಷ ಮಂಜೂರಾದ ಕಾಮಗಾರಿಗಳ ಪಟ್ಟಿ. ಮೂರನೆಯದು ಕೇಳಿದ ಕೂಡಲೇ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಹತ್ತು ರೂಪಾಯಿ ಶುಲ್ಕದೊಂದಿಗೆ ಈಗಲೇ ಹಾಕಿರಿ. ಉತ್ತರಕ್ಕೆ ಮೂವತ್ತು ದಿನಗಳ ಅವಧಿ ಇದೆ, ಶಿಬಿರದ ದಿನಾಂಕವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. ಬೀದಿಯ ಪೌರಕಾರ್ಮಿಕರಲ್ಲಿ ಇಬ್ಬರನ್ನು, ಪಕ್ಕದ ಮಸೀದಿ ಮತ್ತು ದೇವಸ್ಥಾನದ ಸಮಿತಿಯವರನ್ನು ಕರೆಯಿರಿ, ಮೋರಿ ಅವರಿಗೂ ನಿಮಗೂ ಒಂದೇ ತಾನೆ. ಆಕ್ಷೇಪಿಸಿದ ಹಿರಿಯರಿಗೆ ಮೊದಲ ಗುಂಪಿನ ನಾಯಕತ್ವ ವಹಿಸಿರಿ. ರೋಮಾಪುರ 13ನ್ನು ಅವರೇ ಓದಲಿ, ಅದರ ಬೆನ್ನಿಗೆ ಅಪೊಸ್ತಲರ ಕೃತ್ಯಗಳ 16ನ್ನೂ.